ಕುಡಿತದ ಲೆಕ್ಕ, ಹಾಲಿನ ಲೆಕ್ಕ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನ್ನನ್ನೂ ನೆನಪಿಟ್ಟುಕೊಂಡು ಕರೆದಿದ್ದೀರಿ. ನಾನು ಇದೇ ಊರಿನವನು. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ಕಾರ್ಯದರ್ಶಿಗಳು ಫೋನ್ ಮಾಡಿ, "ಸಾರ್, ಸಹಕಾರ ತತ್ವದ ಬಗ್ಗೆ ಒಂದು ಅರ್ಧ ಗಂಟೆ ಮಾತಾಡಿ" ಅಂದರು. ಸಹಕಾರ ತತ್ವವನ್ನು ನಿಮಗೆ ನಾನು ಹೇಳಿಕೊಡಬೇಕಾದ್ದೇನೂ ಇಲ್ಲ. ಬೆಳಿಗ್ಗೆ ಆರಕ್ಕೆ ಮಳೆಯಲ್ಲೂ ಚಳಿಯಲ್ಲೂ ಕ್ಯಾನ್ ಹಿಡಿದು ಬಂದು ಸಾಲಿನಲ್ಲಿ ನಿಲ್ಲುವವರು ನೀವು. ಹಾಗಾಗಿ ನಾನು ಬೇರೆ ವಿಷಯ ಕೇಳಿದೆ. ಕುಡಿತದ ವಿಷಯ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಬ್ಬದ ದಿನ ಬೇಕಾ ಸಾರ್?" ಅಂದರು. ಆಮೇಲೆ ಅವರೇ, "ಆಗಲಿ, ಹೇಳಿಬಿಡಿ. ಬಟವಾಡೆ ದಿನ ಸಾಯಂಕಾಲ ನೋಡೋಕಾಗಲ್ಲ" ಅಂದರು.

ಕುಡಿಯಬೇಡಿ ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ಅದನ್ನು ಸ್ವಾಮಿಗಳು ಹೇಳಿದ್ದಾರೆ, ಗಾಂಧೀಜಿ ಹೇಳಿದ್ದಾರೆ, ಸಂವಿಧಾನದ 47ನೇ ವಿಧಿಯೂ ಸರ್ಕಾರಕ್ಕೆ ಹೇಳಿದೆ. ಹೇಳಿದ್ದರಿಂದಲೇ ನಿಲ್ಲುವುದಾಗಿದ್ದರೆ ಇಷ್ಟು ಹೊತ್ತಿಗೆ ನಿಂತಿರಬೇಕಿತ್ತು. ನಾನು ಹೇಳುವುದು ಬೇಡಿಕೆಯ ಲೆಕ್ಕ. ಮಾರುವವನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೊಳ್ಳುವವನು ಯಾಕೆ ಕೊಳ್ಳುತ್ತಾನೆ, ಯಾವಾಗ ಕೊಳ್ಳುತ್ತಾನೆ, ಯಾವ ದುಡ್ಡಿನಲ್ಲಿ ಕೊಳ್ಳುತ್ತಾನೆ, ಇದನ್ನು ಲೆಕ್ಕ ಹಾಕಿದವರು ಕಡಿಮೆ.

ನನ್ನ ಮನೆಯಿಂದಲೇ ಶುರುಮಾಡುತ್ತೇನೆ. ನಮ್ಮಣ್ಣನನ್ನು ನಿಮ್ಮಲ್ಲಿ ಬಹಳ ಜನ ಬಲ್ಲಿರಿ. ಗರಡಿ ಆಳು. ಒಂದು ಪಲ್ಲ ರಾಗಿ ಚೀಲ ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಿದ್ದ. ನನ್ನನ್ನು ಓದಿಸಲೆಂದು ಏಳನೇ ತರಗತಿಗೇ ಶಾಲೆ ಬಿಟ್ಟವನು. ತೊಂಬತ್ತರ ದಶಕದಲ್ಲಿ ನಮ್ಮೂರಿಗೆ ಪ್ಯಾಕೆಟ್ ಸಾರಾಯಿ ಬಂತಲ್ಲ, ಹುಣಸೆಮರದ ಕೆಳಗಿನ ಅಂಗಡಿ, ಅಲ್ಲಿಂದ ಅವನ ಕಥೆ ಶುರು. ಅದಕ್ಕೆ ಮುಂಚೆಯೂ ಕುಡಿಯುತ್ತಿದ್ದ, ಹಬ್ಬಕ್ಕೊಮ್ಮೆ, ಜಾತ್ರೆಗೊಮ್ಮೆ. ಪ್ಯಾಕೆಟ್ ಬಂದ ಮೇಲೆ ದಿನಾ ಆಯಿತು. ಬಾಟಲಿಗೆ ದುಡ್ಡು ಕೂಡಿಸಬೇಕು, ಜೊತೆಗೆ ಇಬ್ಬರು ಬೇಕು. ಪ್ಯಾಕೆಟ್ಟಿಗೆ ಏನೂ ಬೇಡ. ಜೇಬಿನಲ್ಲಿ ಚಿಲ್ಲರೆ ಇದ್ದರೆ ಸಾಕು, ಹಲ್ಲಿನಲ್ಲಿ ಕಚ್ಚಿ ಹರಿದು ಬಾಯಿಗೆ ಸುರಿದುಕೊಂಡು ಹೊಲಕ್ಕೆ ಹೋಗಬಹುದು. ಇವತ್ತಿನ ಗುಟ್ಕಾ ಚೀಟಿಯೂ ಇದೇ ಉಪಾಯವೇ. ಬಡವನ ಜೇಬಿನಲ್ಲಿ ಒಂದು ಹೊತ್ತಿಗೆ ಎಷ್ಟು ಇರುತ್ತದೋ ಅಷ್ಟೇ ಅಳತೆಗೆ ಚಟವನ್ನು ಕಟ್ಟಿ ಕೊಡುವುದು.

ಆಗಾಗ ಪ್ಯಾಕೆಟ್ಟಿನ ಬೆಲೆ ಏರುತ್ತಿತ್ತು. ಏರಿದಾಗಲೆಲ್ಲ ನಾನು, "ಸದ್ಯ, ಇನ್ನಾದರೂ ಕಡಿಮೆ ಮಾಡ್ತಾನೆ" ಅಂದುಕೊಳ್ಳುತ್ತಿದ್ದೆ. ಅವನು ಕಡಿಮೆ ಮಾಡಲಿಲ್ಲ. ಕಡಿಮೆಯಾದದ್ದು ಬೇರೆ. ಮೊದಲು ಮನೆಗೆ ಕಾಳು ತರುವುದು ನಿಂತಿತು. ಆಮೇಲೆ ಮಕ್ಕಳ ಟ್ಯೂಷನ್ ನಿಂತಿತು. ಆಮೇಲೆ ಎಮ್ಮೆ ಹೋಯಿತು. ಕೊನೆಗೆ ಕೆರೆ ಕೆಳಗಿನ ಮುಕ್ಕಾಲು ಎಕರೆ ಗದ್ದೆ.

ತರಗತಿಯಲ್ಲಿ ನಾವು ಇದನ್ನು 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಅಂತ ಕಲಿಸುತ್ತೇವೆ. ದೊಡ್ಡ ಹೆಸರು, ವಿಷಯ ಸಣ್ಣದು. ಟೊಮ್ಯಾಟೊ ಕೆಜಿಗೆ ನೂರು ರೂಪಾಯಿ ಆದರೆ ನೀವು ಹುಣಸೆಹಣ್ಣು ಹಾಕಿ ಸಾರು ಮಾಡುತ್ತೀರಿ. ಬೆಲೆ ಏರಿತು, ಕೊಳ್ಳುವುದು ಇಳಿಯಿತು. ಉಪ್ಪಿನ ಬೆಲೆ ಎರಡರಷ್ಟಾದರೂ ಅಷ್ಟೇ ಉಪ್ಪು ತರುತ್ತೀರಿ. ಚಟ ಹತ್ತಿದವನಿಗೆ ಕುಡಿತ ಉಪ್ಪಿನಂತೆ. ಬೆಲೆ ಏರಿದಾಗ ಅವನ ಕುಡಿತ ತಕ್ಷಣಕ್ಕೆ ಅಷ್ಟಾಗಿ ಇಳಿಯುವುದಿಲ್ಲ, ಅವನ ಹೆಂಡತಿ ಮಕ್ಕಳ ತಟ್ಟೆ ಇಳಿಯುತ್ತದೆ.

ಹಾಗಾದರೆ ತೆರಿಗೆ ಹಾಕಿ ಬೆಲೆ ಏರಿಸುವುದರಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದು ಬೇರೆಯವರಲ್ಲಿ ಕಾಣುತ್ತದೆ. 1999ರಲ್ಲಿ ವಿಶ್ವಬ್ಯಾಂಕ್ ತಂಬಾಕಿನ ಬಗ್ಗೆ ಒಂದು ವರದಿ ತಂದಿತು. ಸಿಗರೇಟಿನ ಬೆಲೆ ನೂರಕ್ಕೆ ಹತ್ತು ಏರಿದರೆ ಶ್ರೀಮಂತ ದೇಶಗಳಲ್ಲಿ ಬಳಕೆ ನೂರಕ್ಕೆ ನಾಲ್ಕರಷ್ಟು, ನಮ್ಮಂಥ ದೇಶಗಳಲ್ಲಿ ಎಂಟರಷ್ಟು ಇಳಿಯುತ್ತದೆ ಎಂದು ಅದರ ಅಂದಾಜು. ಇಳಿಯುವುದು ಮುಖ್ಯವಾಗಿ ಹುಡುಗರಲ್ಲಿ ಮತ್ತು ಕೈಯಲ್ಲಿ ಕಾಸಿಲ್ಲದವರಲ್ಲಿ. ಇನ್ನೂ ಶುರುಮಾಡದವನನ್ನು ಬೆಲೆ ತಡೆಯುತ್ತದೆ. ಶುರುಮಾಡಿ ಇಪ್ಪತ್ತು ವರ್ಷ ಆದವನನ್ನು ಬೆಲೆ ಹಿಂಡುತ್ತದೆ. ಎರಡೂ ನಿಜ.

ಅಮೆರಿಕದ ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞರು, 1992ರಲ್ಲಿ ನೊಬೆಲ್ ಪಡೆದವರು, 1988ರಲ್ಲಿ ಕೆವಿನ್ ಮರ್ಫಿ ಎಂಬವರ ಜೊತೆ ಸೇರಿ ಒಂದು ಸಿದ್ಧಾಂತ ಬರೆದರು. ಚಟಗಾರನೂ ಲೆಕ್ಕ ಹಾಕುವವನೇ, ಇವತ್ತಿನ ಸುಖವನ್ನೂ ಮುಂದಿನ ನಷ್ಟವನ್ನೂ ತೂಗಿಯೇ ಕುಡಿಯುತ್ತಾನೆ ಎಂದು. ಇವತ್ತಿನ ಬಯಕೆಗೆ ನಿನ್ನೆಯ ಕುಡಿತವೇ ಬೀಜ ಅನ್ನುವ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ತೂಗಿ ನೋಡಿ ಕುಡಿಯುತ್ತಾನೆ ಅನ್ನುವುದನ್ನು, ಕ್ಷಮಿಸಬೇಕು, ನೊಬೆಲ್ ಬಂದವರು ಹೇಳಿದರೂ ನಾನು ಒಪ್ಪಲಾರೆ. ನಮ್ಮಣ್ಣ ಬೆಳಿಗ್ಗೆ ಎದ್ದು ಅತ್ತಿಗೆಯ ತಲೆ ಮುಟ್ಟಿ ಆಣೆ ಮಾಡುತ್ತಿದ್ದ. ಸುಳ್ಳು ಆಣೆಯಲ್ಲ, ಆ ಹೊತ್ತಿಗೆ ಅದು ನಿಜವೇ. ಸಾಯಂಕಾಲ ಕೈ ನಡುಗಲು ಶುರುವಾದಾಗ ಅದೇ ಮನುಷ್ಯ ಬೇರೆಯವನಾಗುತ್ತಿದ್ದ. ಬೆಳಗಿನವನ ಲೆಕ್ಕ ಒಂದು, ಸಂಜೆಯವನ ಲೆಕ್ಕ ಇನ್ನೊಂದು.

ಈಗ 2007ಕ್ಕೆ ಬರೋಣ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅವತ್ತು ನಮ್ಮೂರಿನ ಹೆಂಗಸರು ಹುಣಸೆಮರದ ಕೆಳಗೆ ಕಾಯಿ ಒಡೆದದ್ದು ನನಗೆ ನೆನಪಿದೆ. ನಾನೂ ಒಂದು ಕಾಯಿ ಒಡೆದೆ. ಒಂದು ತಿಂಗಳು, ಎರಡು ತಿಂಗಳು ಊರು ತಣ್ಣಗಿತ್ತು. ಆಮೇಲೆ ಏನಾಯಿತು? ಸಾರಾಯಿ ಹೋಯಿತು, ಬಯಕೆ ಹೋಗಲಿಲ್ಲ. ಕೆಲವರು ಕಡಿಮೆ ಮಾಡಿದರು, ನಿಜ. ಬಿಟ್ಟವರೂ ಇದ್ದಾರೆ, ಅವರಲ್ಲಿ ಇಬ್ಬರು ಇಲ್ಲೇ ಕೂತಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಉಳಿದವರು ಹೋಬಳಿಯ ವೈನ್ ಶಾಪಿಗೆ ಹೋಗಿ ಅಗ್ಗದ ವಿಸ್ಕಿ, ರಮ್ಮಿಗೆ ಬಂದರು. ಹತ್ತು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತಿದ್ದದ್ದು ಅದರ ಎರಡರಷ್ಟು ಮೂರರಷ್ಟಾಯಿತು. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರದ ಕಡೆ ಮತ್ತು ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಮಿಕ್ಕಿ ಜನ ಸತ್ತರು. ಅದರಲ್ಲಿ ಇದ್ದದ್ದು ಮೆಥನಾಲ್ ಎಂಬ ವಿಷ. ಸತ್ತವರು ಬಹುತೇಕ ಕೂಲಿಯವರು. ದುಬಾರಿ ಮಾಲು ಕೊಳ್ಳಲಾಗದವನು ಕಳ್ಳಮಾಲು ಹುಡುಕಿಕೊಂಡು ಹೋಗಿದ್ದ.

ಹೀಗಾದದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಮೊದಮೊದಲು ಕುಡಿತ ಹಿಂದಿದ್ದದರ ಮೂರನೇ ಒಂದು ಭಾಗಕ್ಕೆ ಇಳಿಯಿತಂತೆ, ಕೆಲವೇ ವರ್ಷದಲ್ಲಿ ಮೂರನೇ ಎರಡು ಭಾಗದ ಹತ್ತಿರಕ್ಕೆ ಮತ್ತೆ ಏರಿತು ಎಂದು ಆಮೇಲಿನ ಅರ್ಥಶಾಸ್ತ್ರಜ್ಞರ ಅಂದಾಜು. ಇನ್ನೊಂದು ತಮಾಷೆ ನೋಡಿ. ಅದಕ್ಕೆ ಮುಂಚೆ ಅಲ್ಲಿನ ಜನ ಬಿಯರ್ ಬಹಳ ಕುಡಿಯುತ್ತಿದ್ದರು. ನಿಷೇಧ ಬಂದ ಮೇಲೆ ಬಿಯರ್ ಹೋಗಿ ಕಡಕ್ ಮಾಲು ಮುಂದೆ ಬಂತು. ಯಾಕೆಂದರೆ ಕದ್ದು ಸಾಗಿಸುವವನಿಗೆ ಒಂದು ಪೀಪಾಯಿ ಬಿಯರ್‌ಗಿಂತ ನಾಲ್ಕು ಬಾಟಲಿ ವಿಸ್ಕಿ ಬಚ್ಚಿಡುವುದು ಸುಲಭ. ನಮ್ಮ ಪಕ್ಕದ ಆಂಧ್ರದಲ್ಲಿ 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು, ರಾತ್ರಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಕೂಲಿ ಹೆಂಗಸರು, ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಇಡೀ ರಾಜ್ಯಕ್ಕೆ ಹಬ್ಬಿ 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಪೂರ್ಣ ಪಾನನಿಷೇಧವೂ ಬಂತು. 1997ರಲ್ಲಿ ಸರ್ಕಾರವೇ ಪೂರ್ಣ ನಿಷೇಧವನ್ನು ಹಿಂದಕ್ಕೆ ಪಡೆಯಿತು. ಬೊಕ್ಕಸ ಬರಿದಾಯಿತು ಎಂಬುದು ಒಂದು ಕಾರಣ.

ಬೊಕ್ಕಸ ಅಂದಾಗ ನಮ್ಮದನ್ನೂ ಹೇಳಬೇಕು. ಸಾರಾಯಿ ನಿಂತ ಹೊತ್ತಿನಲ್ಲಿ ನಮ್ಮ ರಾಜ್ಯದ ಅಬಕಾರಿ ವರಮಾನ ವರ್ಷಕ್ಕೆ ಐದು ಸಾವಿರ ಕೋಟಿಯೊಳಗೆ ಇತ್ತು. 2022-23ರಲ್ಲಿ ಮೂವತ್ತು ಸಾವಿರ ಕೋಟಿಯ ಹತ್ತಿರ ಬಂತು. ರೂಪಾಯಿಯ ಬೆಲೆಯೂ ಇಳಿದಿದೆ, ಜನವೂ ಹೆಚ್ಚಿದ್ದಾರೆ, ತೆರಿಗೆಯೂ ಏರಿದೆ, ಒಪ್ಪುತ್ತೇನೆ. ಆದರೂ ಇದು ಯಾವ ಪಕ್ಷದ ಸರ್ಕಾರ ಬಂದರೂ ಬಿಡಲಾಗದ ದುಡ್ಡು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋಗಿ ಮದ್ಯ ನಿಲ್ಲಿಸಿ ಅಂದರು. ಸುಮಾರು ಇನ್ನೂರು ಕಿಲೋಮೀಟರ್. ಕಾಲಿನಲ್ಲಿ ಬೊಬ್ಬೆ ಬಂದದ್ದೇ ಬಂತು. ಹೀಗಾಗಿ ಸರ್ಕಾರ ನಿಲ್ಲಿಸಲಿ ಎಂದು ಕಾಯುತ್ತ ಕೂರುವುದರಲ್ಲಿ ನನಗೆ ನಂಬಿಕೆ ಕಡಿಮೆ. ನಮ್ಮ ಕೈಯಲ್ಲಿರುವುದು ಏನು ನೋಡೋಣ.

ಒಂದು ವಸ್ತುವಿನ ಬೆಲೆ ಅಂದರೆ ಅದರ ಮೇಲೆ ಅಚ್ಚು ಹಾಕಿದ್ದು ಮಾತ್ರವಲ್ಲ. ಅದನ್ನು ತರಲು ನಡೆಯುವ ದೂರ, ಕಳೆಯುವ ಹೊತ್ತು, ಬಸ್ಸಿನ ಚಾರ್ಜು, ಯಾರಾದರೂ ನೋಡಿಯಾರು ಅನ್ನುವ ನಾಚಿಕೆ, ಎಲ್ಲ ಸೇರಿ ಬೆಲೆ. ಲೈಸೆನ್ಸ್ ಇರುವ ಅಂಗಡಿ ನಮ್ಮೂರಿನಿಂದ ಏಳು ಕಿಲೋಮೀಟರ್. ಆದರೆ ಊರೊಳಗೆ ಸಕ್ಕರೆ, ಸೋಪು ಮಾರುವ ಅಂಗಡಿಯಲ್ಲೇ ನೈಂಟಿ ಸಿಗುತ್ತದೆ. ಯಾರು ಅಂತ ನಾನು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಎಂಬತ್ತರದ್ದು ನೂರಕ್ಕೆ. ಇಪ್ಪತ್ತು ರೂಪಾಯಿ ಜಾಸ್ತಿ ತಗೊಂಡು ಅನ್ಯಾಯ ಮಾಡ್ತಾನೆ ಅಂತ ಕುಡಿಯುವವರು ಬೈಯುತ್ತಾರೆ. ನಾನು ಹೇಳುತ್ತೇನೆ, ಅವನು ಅಗ್ಗವಾಗಿ ಕೊಡುತ್ತಿದ್ದಾನೆ. ಹದಿನಾಲ್ಕು ಕಿಲೋಮೀಟರ್ ಹೋಗಿಬರುವ ಖರ್ಚು, ಅರ್ಧ ದಿನದ ಕೂಲಿ ಉಳಿಸಿ ಬರೀ ಇಪ್ಪತ್ತು ರೂಪಾಯಿ ತಗೊಳ್ಳುತ್ತಾನೆ. ಮೇಲಾಗಿ ಸಾಲ ಬರೆದುಕೊಳ್ಳುತ್ತಾನೆ. ಸಾಲ ಬರೆದುಕೊಂಡರೆ ಅವತ್ತಿನ ಮಟ್ಟಿಗೆ ಬೆಲೆ ಸೊನ್ನೆ. ಸಂಜೆಯ ಮನುಷ್ಯನಿಗೆ ಅವತ್ತೊಂದೇ ದಿನ ಕಾಣುವುದು.

ಗುಟ್ಕಾ 2013ರಲ್ಲಿ ನಮ್ಮ ರಾಜ್ಯದಲ್ಲಿ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ, ಜೋಡಿಯಾಗಿ ನೇತುಹಾಕಿದರು. ಬೆರೆಸುವ ಕೆಲಸ ಗಿರಾಕಿಯದು. ಗಾಂಜಾಕ್ಕೆ 1985ರಿಂದ ಕಟ್ಟುನಿಟ್ಟಿನ ಕಾನೂನಿದೆ, ಆದರೂ ಕಾಲೇಜಿನ ಹಿಂದಿನ ಮೈದಾನದಲ್ಲಿ ಅದರ ವಾಸನೆ ನಾನು ಕುಡಿದಿದ್ದೇನೆ. ಆ ಹುಡುಗರು ಕೆಟ್ಟವರಲ್ಲ. ಮೊದಲನೆಯ ಸಲ ಯಾರೂ ದುಡ್ಡು ಕೇಳುವುದಿಲ್ಲ, ಸ್ನೇಹಿತ ಕೊಡುತ್ತಾನೆ. ದುಡ್ಡು ಕೇಳುವುದು ಆಮೇಲೆ. ಹಿಂದೆ ನಿಂತಿರುವ ತಮ್ಮಂದಿರಿಗೆ ಇಷ್ಟು ಸಾಕು, ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಸುತ್ತಮುತ್ತಲಿನ ಜಾಗ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ನಿಜ ಸಂಗತಿ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರಲ್ಲಿ ಐದರಲ್ಲಿ ಒಬ್ಬನಿಗೆ ಅಲ್ಲಿ ಹೆರಾಯಿನ್, ಅಫೀಮಿನ ಚಟ ಹತ್ತಿತ್ತು. ಇವರೆಲ್ಲ ಊರಿಗೆ ಬಂದರೆ ಗತಿಯೇನು ಎಂದು ಸರ್ಕಾರ ಗಾಬರಿಯಾಯಿತು. ಲೀ ರಾಬಿನ್ಸ್ ಎಂಬ ಮಹಿಳೆ 1971ರಲ್ಲಿ ಮರಳಿದವರನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದರು. ಅಲ್ಲಿ ಚಟ ಹತ್ತಿದ್ದವರಲ್ಲಿ ಮೂರು ವರ್ಷದೊಳಗೆ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಹನ್ನೆರಡು ಜನ ಮಾತ್ರ. ಊರು ಬೇರೆ, ಜೊತೆಗಾರರು ಬೇರೆ, ಭಯ ಇಲ್ಲ, ಮಾಲು ಕೈಗೆ ಸುಲಭವಾಗಿ ಸಿಗುವುದಿಲ್ಲ. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ಓದಿದಾಗ ನಮ್ಮಣ್ಣ ಕಣ್ಣ ಮುಂದೆ ಬಂದ.

ಅವನು ಒಂದು ಸಲ ಧರ್ಮಸ್ಥಳದವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟು ಬಂದ. ಬಂದವನು ಕೂತದ್ದು ಅದೇ ಅರಳಿಕಟ್ಟೆಯ ಮೇಲೆ, ಅದೇ ನಾಲ್ಕು ಜನರ ಜೊತೆ. ಇಪ್ಪತ್ತೆರಡು ದಿನಕ್ಕೆ ಮತ್ತೆ ಶುರು. ಶಿಬಿರದವರ ತಪ್ಪಲ್ಲ, ಕಟ್ಟೆ ಇಲ್ಲೇ ಇತ್ತಲ್ಲ. ಎರಡನೇ ಸಲ 2009ರಲ್ಲಿ ಮಗಳ ಊರಿಗೆ ಹೋದ, ಅಳಿಯನ ಅಡಿಕೆ ತೋಟ ನೋಡಿಕೊಳ್ಳಲು. ಅಲ್ಲಿ ಹತ್ತಿರದಲ್ಲಿ ಅಂಗಡಿಯಿಲ್ಲ, ಕೈಗೆ ದುಡ್ಡಿಲ್ಲ, ಮೊಮ್ಮಗಳು ಬೆರಳು ಹಿಡಿದುಕೊಂಡೇ ಇರುತ್ತಿದ್ದಳು. ಹದಿನಾಲ್ಕು ತಿಂಗಳು ಒಂದು ತೊಟ್ಟು ಮುಟ್ಟಲಿಲ್ಲ. ಮುಖದಲ್ಲಿ ಮತ್ತೆ ಕಳೆ ಬಂದಿತ್ತು. ಊರಹಬ್ಬಕ್ಕೆ ಅಂತ ಬಂದ. ಆ ಸಲ ಅವನು ವಾಪಸು ಹೋಗಲಿಲ್ಲ.

ಇನ್ನು ನಾನು ಹೇಳಲೇಬೇಕಾದ ಮಾತು. ನಾನು ಪ್ರತಿ ತಿಂಗಳು ಊರಿಗೆ ಬಂದಾಗ ಅಣ್ಣನ ಕೈಗೆ ದುಡ್ಡು ಕೊಡುತ್ತಿದ್ದೆ. ನನ್ನನ್ನು ಓದಿಸಿದವನು, ಅವನ ಋಣ. ಒಂದು ದಿನ ಅತ್ತಿಗೆ ಹಿತ್ತಲಿಗೆ ಕರೆದು, "ಕೊಡೋದಿದ್ರೆ ನನ್ನ ಕೈಗೆ ಕೊಡಪ್ಪ, ನಿಮ್ಮಣ್ಣನ ಕೈಗೆ ಬ್ಯಾಡ" ಅಂದರು. ನನಗೆ ಸಿಟ್ಟು ಬಂತು. ಮನೆಯ ಯಜಮಾನನನ್ನು ಬಿಟ್ಟು ಹೆಂಗಸಿನ ಕೈಗೆ ಕೊಟ್ಟರೆ ಅಣ್ಣನ ಮರ್ಯಾದೆ ಏನಾಗಬೇಕು ಅಂದೆ. ಅತ್ತಿಗೆ ಮತ್ತೆ ಆ ಮಾತು ಎತ್ತಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಬೇಡಿಕೆ ಅಂದರೆ ಬರೀ ಆಸೆಯಲ್ಲ, ಆಸೆಯ ಜೊತೆ ಕೊಳ್ಳುವ ಶಕ್ತಿಯೂ ಇರಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನು ನಾನು. ಆ ಕೊಳ್ಳುವ ಶಕ್ತಿಯನ್ನು ತಿಂಗಳ ಮೊದಲ ಭಾನುವಾರ ತಪ್ಪದೆ ತಂದುಕೊಡುತ್ತಿದ್ದವನೂ ನಾನೇ. ಅಣ್ಣ 2012ರಲ್ಲಿ ಲಿವರ್ ಕೆಟ್ಟು ಹೋದ. ಐವತ್ತಾರು ವರ್ಷ.

ಅದಕ್ಕೇ ಈ ಸಂಘದ ಮುಂದೆ ನಿಂತು ಮಾತಾಡುತ್ತಿದ್ದೇನೆ. ನಮ್ಮೂರಿನ ಮನೆಗಳಿಗೆ ತಪ್ಪದೆ ದುಡ್ಡು ಬರುವ ದಾರಿ ಈ ಸಂಘ ಒಂದೇ. ರಾಗಿ ವರ್ಷಕ್ಕೊಮ್ಮೆ, ಹಾಲು ದಿನಾ. ಹಸುವಿನ ಸಗಣಿ ಬಾಚುವವರು ಯಾರು, ಮೇವು ಕುಯ್ಯುವವರು ಯಾರು, ಹಾಲು ಕರೆಯುವವರು ಯಾರು? ನಮ್ಮ ತಾಯಂದಿರು. ಸದಸ್ಯತ್ವದ ಪಾಸ್ ಬುಕ್ಕಿನಲ್ಲಿ ಹೆಸರು ಯಾರದು? ಕಾರ್ಯದರ್ಶಿಗಳನ್ನು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಗಂಡಸರದು. ಈಗ ಬ್ಯಾಂಕ್ ಖಾತೆಗೆ ಹೋಗುತ್ತದಲ್ಲ ಸಾರ್ ಅಂತೀರಿ. ಖಾತೆ ಯಾರ ಹೆಸರಿನಲ್ಲಿದೆ, ಎ.ಟಿ.ಎಂ. ಕಾರ್ಡ್ ಯಾರ ಜೇಬಿನಲ್ಲಿದೆ?

ಲೆಕ್ಕ ನೋಡಿ. ಸರ್ಕಾರ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಡೇರಿಗೆ ದಿನಕ್ಕೆ ಎಂಟು ಲೀಟರ್ ಹಾಕುವ ಮನೆಗೆ ಮುನ್ನೂರು ದಿನಕ್ಕೆ 12,000 ರೂಪಾಯಿ. ದಿನಕ್ಕೆ ನೂರು ರೂಪಾಯಿಯ ನೈಂಟಿ ಕುಡಿಯುವವನು ಅದನ್ನು ನಾಲ್ಕು ತಿಂಗಳಲ್ಲಿ ಮುಗಿಸುತ್ತಾನೆ. ವರ್ಷಕ್ಕೆ 36,500. ಇಷ್ಟರಲ್ಲಿ ಕೊಟ್ಟಿಗೆಗೆ ಶೀಟು ಹಾಕಿಸಿ, ಹಾಲು ಕರೆಯುವ ಮಿಷನ್ನಿಗೆ ಮುಂಗಡ ಕಟ್ಟಬಹುದು.

ಮಂಡಳಿಯವರಲ್ಲಿ ನನ್ನ ಕೋರಿಕೆ ಹೆಚ್ಚೇನಿಲ್ಲ. ಹಸು ನೋಡಿಕೊಳ್ಳುವವರ ಹೆಸರಿಗೇ ಸದಸ್ಯತ್ವವನ್ನೂ ಖಾತೆಯನ್ನೂ ಬದಲಿಸಿಕೊಳ್ಳಲು ಒಪ್ಪುವ ಮನೆಗಳಿಗೆ ಕಾಗದಪತ್ರದ ಕೆಲಸ ಸಂಘವೇ ಮಾಡಿಕೊಡಲಿ. ಬಲವಂತ ಬೇಡ, ಬಲವಂತ ಮಾಡಿದರೆ ಮನೆಯಲ್ಲಿ ಹೊಡೆತ ತಿನ್ನುವವಳು ಅವಳೇ. ಮುಂಗಡ ಕೇಳಿದವರಿಗೆ ನಗದಿನ ಬದಲು ಹಿಂಡಿ, ಬೂಸಾ, ಪಶು ಆಹಾರ ಕೊಡಲಿ. ಬಟವಾಡೆ ಸಂತೆಯ ದಿನವೇ ಬೀಳುವುದು ತಪ್ಪಲಿ, ಒಂದು ದಿನ ಹಿಂದೆ ಮುಂದೆ ಮಾಡಿದರೆ ಯಾರಿಗೂ ನಷ್ಟವಿಲ್ಲ. ಊರೊಳಗೆ ಬಾಟಲಿ ಇಟ್ಟು ಮಾರುವ ಅಂಗಡಿಯವರಲ್ಲಿ ಇಬ್ಬರು ನಮ್ಮ ಸಂಘದ ಸದಸ್ಯರೇ. ಪೊಲೀಸರಿಗೆ ಹೇಳುವ ಮುಂಚೆ ಅಧ್ಯಕ್ಷರು ಅವರನ್ನು ಕರೆದು ಕೂರಿಸಿ ಮಾತಾಡಲಿ. ಅವರು ನಿಲ್ಲಿಸಿದರೆ ಏಳು ಕಿಲೋಮೀಟರ್ ಏಳೇ ಆಗಿ ಉಳಿಯುತ್ತದೆ. ದಿನಕ್ಕೆ ಮೂರು ಸಲ ಕುಡಿಯುವವನು ಒಂದು ಸಲಕ್ಕೆ ಬಂದಾನು. ಪೂರ್ತಿ ಬಿಡುತ್ತಾನೆಂದು ನಾನು ಭರವಸೆ ಕೊಡಲಾರೆ.

ಮನೆಯವರಿಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಬೆಳಿಗ್ಗೆಯಿಂದಲೇ ಕುಡಿಯುವವನನ್ನು ಕೋಣೆಗೆ ಹಾಕಿ ಬೀಗ ಜಡಿದು ಒಮ್ಮೆಗೇ ಬಿಡಿಸಲು ಹೋಗಬೇಡಿ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಂಡಂತಾಗಿ ಬಡಬಡಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಅದು ಕಾಯಿಲೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಯೇ ಬಿಡಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. 14416 ಎಂಬ ಟೆಲಿ-ಮಾನಸ್ ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಈ ನಂಬರನ್ನು ಡೇರಿಯ ಗೋಡೆಯ ಮೇಲೆ, ಫ್ಯಾಟ್ ದರದ ಪಟ್ಟಿಯ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಬಣ್ಣದ ಖರ್ಚು ನನ್ನದು.

ಖಾತೆ ಬದಲಿಸುವ ವಿಷಯವನ್ನು ಮುಂದಿನ ಸರ್ವ ಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿಸುತ್ತೇವೆ ಎಂದು ಅಧ್ಯಕ್ಷರು ಈಗ ತಾನೇ ಚೀಟಿ ಬರೆದು ಕೊಟ್ಟರು. ಅವತ್ತು ತಾಯಂದಿರೂ ಬನ್ನಿ, ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ನಮ್ಮ ಅತ್ತಿಗೆ ಇವತ್ತು ಬಂದಿದ್ದಾರೆ, ಆ ಕಂಬದ ಹತ್ತಿರ ಕೂತಿದ್ದಾರೆ. ಈ ಮಾತು ಹೇಳುತ್ತೇನೆಂದು ಅವರಿಗೆ ಮೊದಲೇ ತಿಳಿಸಿ, ಒಪ್ಪಿಗೆ ತಗೊಂಡೇ ಹೇಳಿದ್ದೇನೆ.

ಅಡುಗೆ ಮನೆಯಿಂದ ಪಾಯಸದ ಘಮ ಬರುತ್ತಿದೆ.